ಮೊದಲು ಸಣ್ಣ ಆಗ್ತೀನಿ, ಆಮ್ಯಾಲೆ ಜಿಮ್‌ಗೆ ಹೋಗ್ತೀನ್ರಿ

ಮೊಣಕಾಲು ನೋವು, ಸೊಂಟ ನೋವು ಅಂತ ಬರುವವರಿಗೆ ನೋವು ಕಡಿಮೆಯಾದ ಮೇಲೆ ನಾನು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ನೋವು ಇಳೀತು. ಇನ್ನ ತೊಡಿ, ಸೊಂಟದಾಗ ಬಲ ಬರಬೇಕು. ಮನಿ ಹತ್ರ ಯಾವುದಾರ ಜಿಮ್ ಇದ್ರ ಸೇರ್ಕೊಳ್ರಿ." ಅಷ್ಟು ಹೊತ್ತು ತಲೆಯಾಡಿಸುತ್ತಿದ್ದವರು ಅಲ್ಲಿಗೆ ಸುಮ್ಮನಾಗುತ್ತಾರೆ. ಆಮೇಲೆ ಉತ್ತರ ಬರುತ್ತದೆ: "ಸ್ವಲ್ಪ ತೂಕ ಇಳಿಸ್ಕೊಂಡು ಆಮ್ಯಾಲೆ ಹೋಗ್ತೀನ್ರಿ ಮೇಡಂ. ಈಗ ಹಿಂಗ ಹೋದ್ರ ಮಂದಿ ನೋಡ್ತಾರ."

ಹುಬ್ಬಳ್ಳಿಯಲ್ಲಿ ಫಿಸಿಯೊಥೆರಪಿ ಮಾಡುವ ನನಗೆ ಈ ಮಾತು ದಿನನಿತ್ಯದ್ದು. ಇದನ್ನು ದಪ್ಪಗಿರುವವರಷ್ಟೇ ಹೇಳುತ್ತಾರೆ ಅಂದುಕೊಳ್ಳಬೇಡಿ. ಚಿಕ್ಕಂದಿನಿಂದ 'ಕಡ್ಡಿ ಪೈಲ್ವಾನ' ಅನ್ನಿಸಿಕೊಂಡ ಹುಡುಗರು ಡಂಬೆಲ್ ಇಟ್ಟಿರುವ ಸ್ಟ್ಯಾಂಡಿನ ಹತ್ತಿರವೂ ಸುಳಿಯುವುದಿಲ್ಲ. ಸಿಸೇರಿಯನ್ ಆದ ತಾಯಂದಿರಿಗೆ ಜೋತುಬಿದ್ದ ಹೊಟ್ಟೆಯ ಚಿಂತೆ. ಪಿಸಿಒಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಇರುವ ಹುಡುಗಿಯರಿಗೆ ಗದ್ದದ ಮೇಲಿನ ಕೂದಲಿನ ಚಿಂತೆ. ಅರವತ್ತು ದಾಟಿದವರದು ಇನ್ನೊಂದು: "ಈ ವಯಸ್ಸಿನ್ಯಾಗ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಹೋದ್ರ ನಗ್ತಾರ್ರಿ."

ಇನ್ನೊಂದು ಗುಂಪಿದೆ, ಇವರು ಬಾಯಿಬಿಟ್ಟು ಹೇಳುವುದೇ ಇಲ್ಲ. ಹದಿನೈದು ಹದಿನಾರರ ಹುಡುಗರು. ಕುತ್ತಿಗೆ ನೋವು ಅಂತ ಅಮ್ಮ ಕರೆದುಕೊಂಡು ಬಂದಿರುತ್ತಾರೆ. ಹುಡುಗ ಎರಡು ಸೈಜ್ ದೊಡ್ಡ ಅಂಗಿ ಹಾಕಿರುತ್ತಾನೆ. ಭುಜ ಎರಡೂ ಮುಂದಕ್ಕೆ ತಂದು, ಬೆನ್ನು ಬಗ್ಗಿಸಿ, ಎದೆ ಮುಚ್ಚಿಕೊಂಡು ಕೂರುತ್ತಾನೆ. ಕುತ್ತಿಗೆ ನೋಯುತ್ತಿರುವುದು ಆ ಕೂರುವ ರೀತಿಯಿಂದ. ಹಾಗೆ ಕೂರುವುದು ಎದೆಯ ಭಾಗ ಸ್ವಲ್ಪ ಉಬ್ಬಿದೆ ಅಂತ. ಹರೆಯದಲ್ಲಿ ಹಾರ್ಮೋನು ಏರುಪೇರಾಗಿ ಬಹಳ ಹುಡುಗರಿಗೆ ಹೀಗಾಗುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ, ನೋವಿದ್ದರೆ, ಗಂಟು ಸಿಕ್ಕರೆ ಡಾಕ್ಟರಿಗೆ ತೋರಿಸಬೇಕು. ಇಷ್ಟನ್ನು ಆ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ನಮ್ಮ ಮೈಕಟ್ಟನ್ನು ಮಂದಿ ಅಳೆಯುತ್ತಿದ್ದಾರೆ ಎಂಬ ಈ ಆತಂಕ ಮನಶ್ಶಾಸ್ತ್ರಕ್ಕೆ ಹೊಸದೇನಲ್ಲ. 1989ರಲ್ಲೇ ಹಾರ್ಟ್, ಲಿಯರಿ, ರೆಜೆಸ್ಕಿ ಎಂಬ ಅಮೆರಿಕದ ಸಂಶೋಧಕರು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಇವತ್ತಿಗೂ ಅದು ಬಳಕೆಯಲ್ಲಿದೆ. ಅಂದರೆ ಇದು ನಿಮ್ಮೊಬ್ಬರ ಪುಕ್ಕಲುತನ ಅಲ್ಲ.

ಇದಕ್ಕೆ ಸಿಗುವ ಸಲಹೆ ಎರಡು. ಒಂದು, "ಮಂದಿ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ." ಇನ್ನೊಂದು ಈಚೆಗೆ ಬಂದದ್ದು, "ನಿಮ್ಮ ದೇಹವನ್ನು ಪ್ರೀತಿಸಿ." ಎರಡರಿಂದಲೂ ಒಬ್ಬರಾದರೂ ಜಿಮ್ಮಿನ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ತಲೆ ಕೆಡಿಸಿಕೊಳ್ಳಬೇಡಿ ಅಂದ ಕೂಡಲೇ ತಲೆ ಕೆಡುವುದು ನಿಲ್ಲುತ್ತದಾ? ದೇಹವನ್ನು ಪ್ರೀತಿಸುವುದಂತೂ ಇನ್ನೂ ದೊಡ್ಡ ಕೆಲಸ. ಅದು ಆಗುವವರೆಗೆ ಕಾಯಬೇಕು ಅಂದರೆ ಮೊಣಕಾಲು ಕಾಯುವುದಿಲ್ಲ.

ಹಾಗಾದರೆ ಮಂದಿ ನೋಡುತ್ತಾರಾ? ನೋಡುತ್ತಾರೆ. ಯಾರೂ ನೋಡುವುದಿಲ್ಲ ಅಂತ ಸುಳ್ಳು ಹೇಳಿ ಕಳಿಸಿದರೆ, ಮೊದಲ ದಿನವೇ ಒಬ್ಬರು ತಿರುಗಿ ನೋಡಿದಾಗ ನನ್ನ ಮೇಲಿನ ನಂಬಿಕೆಯೂ ಹೋಗುತ್ತದೆ. ಆದರೆ ನಾವು ಎಣಿಸಿದಷ್ಟು ನೋಡುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಹಾಕಿಕೊಳ್ಳಲು ಮುಜುಗರವಾಗುವಂಥ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಬೇರೆಯವರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಮಂದಿ ಗಮನಿಸಿರಬೇಕು ಅಂತ ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ. ಕಾಲು ಭಾಗ ಅಂದರೆ ಸೊನ್ನೆ ಅಲ್ಲ, ಅರ್ಧವೂ ಅಲ್ಲ. ಅಷ್ಟನ್ನು ಸಹಿಸಬಹುದು.

ನಮ್ಮ ಊರುಗಳಲ್ಲಿ ಮಾತ್ರ ಒಂದು ಫರಕು ಇದೆ. ಬೆಂಗಳೂರಿನ ಜಿಮ್‌ನಲ್ಲಿ ನೋಡುವವರು ಅಪರಿಚಿತರು. ಇಲ್ಲಿ ಪಕ್ಕದ ಟ್ರೆಡ್‌ಮಿಲ್ ಮೇಲೆ ನಾದಿನಿಯ ಗೆಳತಿಯೇ ಇರುತ್ತಾಳೆ. ಧಾರವಾಡದ ಒಬ್ಬ ಮೇಷ್ಟ್ರು ನನ್ನ ಹತ್ತಿರ ಸೊಂಟ ನೋವಿಗೆ ಬರುತ್ತಿದ್ದರು. ಮನೆ ಸಪ್ತಾಪುರದ ಕಡೆ. ಅಲ್ಲಿ ಜಿಮ್ ಅಂದರೆ ಕೋಚಿಂಗ್ ಕ್ಲಾಸಿನ ಹುಡುಗರದೇ ಗದ್ದಲ. "ಬೋರ್ಡ್ ಮುಂದ ನಿಂತು ಬೈಯೋ ಮನುಷ್ಯಾ, ಇಲ್ಲಿ ಚಡ್ಡಿ ಮ್ಯಾಲೆ ಅವರ ಮುಂದ ತೇಕೋದೇನ್ರಿ?" ಅಂದರು. ಕೊನೆಗೆ ಹೋದರು. ಹೋದ ಮೇಲೆ ಆಗಿದ್ದು ಇಷ್ಟೇ: ಒಬ್ಬ ಹಳೇ ವಿದ್ಯಾರ್ಥಿ ಹತ್ತಿರ ಬಂದು, "ಸರ್, ಆ ತೂಕದ ಪಿನ್ ಒಂದ್ ಮನಿ ಮ್ಯಾಲೆ ಹಾಕ್ರಿ, ಭಾಳ ಭಾರ ಆಗ್ತದ" ಅಂದ. ಸರ್ ಪಿನ್ ಬದಲಿಸಿದರು.

ಈಗ ಕೆಲಸದ ಮಾತು. ಮುಜುಗರ ಹೇಗೆ ಬೆಳೆಯುತ್ತದೆ ಅಂತ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು 1995ರಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾಲ್ಕು ಜನರ ನಡುವೆ ಅಂಜಿಕೆಯಾದಾಗ ನಮ್ಮ ಗಮನ ಸುತ್ತಲಿಂದ ಸರಿದು ನಮ್ಮ ಮೇಲೇ ಬೀಳುತ್ತದೆ. ಹೊಟ್ಟೆ ಕಾಣ್ತಿದೆಯಾ, ಬೆವರು ಕಾಣ್ತಿದೆಯಾ, ಉಸಿರು ಜೋರಾಗಿ ಕೇಳ್ತಿದೆಯಾ? ಒಳಗೆ ಅನ್ನಿಸಿದ್ದೆಲ್ಲ ಹೊರಗೂ ಹಾಗೇ ಕಾಣುತ್ತಿದೆ ಅಂತ ನಂಬಿಬಿಡುತ್ತೇವೆ. ಅದಕ್ಕೇ ನಾನು ಧೈರ್ಯದ ಪಾಠ ಹೇಳುವುದಿಲ್ಲ. ಗಮನಕ್ಕೆ ಹಚ್ಚಲು ಒಂದು ಕೆಲಸ ಕೊಡುತ್ತೇನೆ.

ಹೊಸಬರು ಜಿಮ್‌ನಲ್ಲಿ ಎಲ್ಲಿರುತ್ತಾರೆ ನೋಡಿ. ಟ್ರೆಡ್‌ಮಿಲ್ ಮೇಲೆ. ನಡೆಯುವುದು ಎಲ್ಲರಿಗೂ ಗೊತ್ತು, ಯಾರನ್ನೂ ಕೇಳಬೇಕಿಲ್ಲ, ತಪ್ಪುವುದಿಲ್ಲ. ಆದರೆ ಅಲ್ಲಿ ಗಮನಕ್ಕೂ ಕೆಲಸವಿಲ್ಲ. ಎದುರಿಗೆ ಕನ್ನಡಿ, ಅದರಲ್ಲಿ ತಾವು. ಅರ್ಧ ಗಂಟೆ ತಮ್ಮ ಹೊಟ್ಟೆಯನ್ನೇ ನೋಡಿಕೊಂಡು ನಡೆದು, ಮನಸ್ಸು ಕೆಡಿಸಿಕೊಂಡು ಮನೆಗೆ ಬರುತ್ತಾರೆ. ನಡೆಯುವುದಾದರೆ ಉಣಕಲ್ ಕೆರೆಯೋ ಕೆಲಗೇರಿ ಕೆರೆಯೋ ಸಾಕಲ್ವಾ, ಫೀಸ್ ಯಾಕೆ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ಎರಡು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಕೆರೆ ಸುತ್ತ ಹಾಕುವುದರಿಂದ ಮೊದಲನೆಯದು ಆಗುತ್ತದೆ. ಎರಡನೆಯದಕ್ಕೆ ಸ್ನಾಯುಗಳ ಮೇಲೆ ಭಾರ ಬೀಳಬೇಕು.

ಅದಕ್ಕೇ ಒಂದು ಚೀಟಿಯಲ್ಲಿ ಮೂರೇ ಮಷೀನ್ ಬರೆದುಕೊಡುತ್ತೇನೆ. ಲೆಗ್ ಪ್ರೆಸ್ (ಕಾಲಿನಿಂದ ತಳ್ಳುವುದು), ಚೆಸ್ಟ್ ಪ್ರೆಸ್ (ಕೈಯಿಂದ ಮುಂದಕ್ಕೆ ತಳ್ಳುವುದು), ಸೀಟೆಡ್ ರೋ (ಕೈಯಿಂದ ಮೈ ಕಡೆ ಎಳೆಯುವುದು). ಮೂರರಲ್ಲೂ ಕೂತೇ ಮಾಡುವುದು, ಬೀಳುವ ಭಯವಿಲ್ಲ, ಮೈಯ ದೊಡ್ಡ ಸ್ನಾಯುಗಳೆಲ್ಲ ಬಹುಪಾಲು ಬಂದುಬಿಡುತ್ತವೆ.

ಲೆಗ್ ಪ್ರೆಸ್ಸನ್ನೇ ತೆಗೆದುಕೊಳ್ಳಿ. ಬೆನ್ನು, ಸೊಂಟ ಎರಡೂ ಸೀಟಿಗೆ ಅಂಟಿರಬೇಕು. ಪಾದಗಳ ನಡುವೆ ಭುಜದಷ್ಟು ಅಂತರ. ಮೊಣಕಾಲು ಸುಮಾರು 90 ಡಿಗ್ರಿ ಬಗ್ಗುವ ಹಾಗೆ ಸೀಟು ಸರಿಸಿಕೊಳ್ಳಿ. ಹಿಮ್ಮಡಿಯಿಂದ ತಳ್ಳಿ. ತಳ್ಳುವಾಗ ಉಸಿರು ಹೊರಗೆ, ವಾಪಸ್ ಬರುವಾಗ ಒಳಗೆ. ಕಾಲು ಪೂರ್ತಿ ನೆಟ್ಟಗಾಗಿ ಲಾಕ್ ಆಗಬಾರದು. ಮೊಣಕಾಲು ಒಳಕ್ಕೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಹನ್ನೆರಡು ಸಲ. ಕೊನೆಯ ಎರಡು ಮೂರು ಕಷ್ಟ ಅನ್ನಿಸಿದರೆ ಭಾರ ಸರಿ ಇದೆ. ಇಷ್ಟನ್ನು ನೆನಪಿಟ್ಟುಕೊಂಡು ಮಾಡುವಾಗ ಹೊಟ್ಟೆಯ ಬಗ್ಗೆ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿರುತ್ತೀರಿ. ಎತ್ತುವವರಲ್ಲಿ ಒಳ್ಳೇ ಹೊಟ್ಟೆಯಿರುವ ಪೈಲ್ವಾನರೂ ಇರುತ್ತಾರೆ, ಮೈಮೇಲೆ ಅಂಗಿಯೂ ಇರುವುದಿಲ್ಲ. ಅವರ ಕಣ್ಣೂ ಕಲ್ಲಿನ ಮೇಲೆ, ನಿಂತ ಮಂದಿಯ ಕಣ್ಣೂ ಕಲ್ಲಿನ ಮೇಲೆ.

ಮಾಡಿದ್ದನ್ನು ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆಯಿರಿ. ತಾರೀಖು, ಎಷ್ಟು ಕಿಲೋ, ಎಷ್ಟು ಸಲ. ಮೊದಲ ಕೆಲವು ವಾರ ಬಲ ಏರುವುದು ಸ್ನಾಯು ದಪ್ಪವಾಗಿ ಅಲ್ಲ. ಇರುವ ಸ್ನಾಯುವನ್ನೇ ಜಾಸ್ತಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ. ಹಾಗಾಗಿ ಕನ್ನಡಿಯಲ್ಲಿ ಏನೂ ಬದಲಾಗಿರುವುದಿಲ್ಲ, ತೂಕದ ಮಷೀನೂ ಅಲ್ಲೇ ನಿಂತಿರುತ್ತದೆ, ಆದರೆ ನೋಟ್‌ಬುಕ್‌ನಲ್ಲಿ 20 ಇದ್ದದ್ದು 30 ಆಗಿರುತ್ತದೆ. ಜಿಮ್ ಬಿಡುವವರು ಹೆಚ್ಚಾಗಿ ಬಿಡುವುದು ಈ ವಾರಗಳಲ್ಲೇ, ಕನ್ನಡಿಯನ್ನು ನಂಬಿ. ಇನ್ನೊಂದು, ಮೊದಲ ದಿನದ ಮರುದಿನದಿಂದ ಎರಡು ಮೂರು ದಿನ ಮೈಕೈ ನೋಯುತ್ತದೆ. ಅದು ಎಲ್ಲರಿಗೂ ಆಗುವಂಥದ್ದು. ಕೀಲು ಊದಿಕೊಂಡರೆ, ಚುಚ್ಚಿದಂಥ ನೋವು ಬಂದರೆ ಮಾತ್ರ ತೋರಿಸಿ.

ಕನ್ನಡಿಯ ಮಾತು ಬಂತಲ್ಲ. ಕೆನಡಾದ ಕ್ಯಾಥ್ಲೀನ್ ಮಾರ್ಟಿನ್ ಗಿನಿಸ್ ಮತ್ತು ಜೊತೆಗಾರರು 2003ರಲ್ಲಿ, ವ್ಯಾಯಾಮದ ರೂಢಿಯಿಲ್ಲದ ಹೆಂಗಸರಿಂದ ಸೈಕಲ್ ತುಳಿಸಿ ನೋಡಿದರು. ಕನ್ನಡಿ ಇದ್ದ ಕೋಣೆಯಲ್ಲಿ ತುಳಿದವರಿಗಿಂತ ಇಲ್ಲದ ಕೋಣೆಯಲ್ಲಿ ತುಳಿದವರಿಗೆ ಹೆಚ್ಚು ಹಾಯೆನಿಸಿತು. ತಮ್ಮ ಮೈಕಟ್ಟಿನ ಬಗ್ಗೆ ಅಷ್ಟಾಗಿ ಚಿಂತೆ ಇಲ್ಲದವರಲ್ಲೂ ಹೀಗೇ ಆಯಿತು. ನಮ್ಮ ಜಿಮ್‌ಗಳಲ್ಲಿ ನಾಲ್ಕೂ ಗೋಡೆಗೆ ಕನ್ನಡಿ. ಮೊದಲ ತಿಂಗಳು ಕನ್ನಡಿಗೆ ಓರೆಯಾಗಿ ಕೂರುವ ಮಷೀನ್ ಹುಡುಕಿಕೊಳ್ಳಿ. ಬಸ್ಕಿ ಹೊಡೆದಂತೆ ನಿಂತು ಮಾಡುವ ಸ್ಕ್ವಾಟ್‌ನಂಥದ್ದಕ್ಕೆ ಕನ್ನಡಿ ಇದ್ದರೆ ಅನುಕೂಲ. ಆಗ ನೋಡಬೇಕಾದದ್ದು ಮೊಣಕಾಲು, ಬೆನ್ನು.

ಬಟ್ಟೆ. ಇದನ್ನು ಸಣ್ಣ ವಿಷಯ ಅಂತ ಬಿಡುವವರಿಗೆ ತೊಡೆ ಉಜ್ಜಿ ಚರ್ಮ ಕಿತ್ತ ಅನುಭವ ಇಲ್ಲ. ಟ್ರ್ಯಾಕ್ ಪ್ಯಾಂಟ್ ಸೊಂಟ ಎತ್ತರದ್ದು ಇರಲಿ, ಬಗ್ಗಿದಾಗ ಜಾರುವುದಿಲ್ಲ. ಕೈ ಮೇಲೆತ್ತಿದಾಗ ಹೊಟ್ಟೆ ಕಾಣಬಾರದು ಅಂದರೆ ಟಿ-ಶರ್ಟ್ ಉದ್ದದ್ದು ತೆಗೆದುಕೊಳ್ಳಿ, ಅಂಗಡಿಯಲ್ಲೇ ಕೈ ಎತ್ತಿ ನೋಡಿ. ಬೆವರು ಎದ್ದು ಕಾಣುವುದು ತಿಳಿ ಬೂದು ಬಣ್ಣದಲ್ಲಿ. ಕಪ್ಪು, ಗಾಢ ನೀಲಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ತೊಡೆ ಉಜ್ಜುವವರು ಒಳಗೆ ಸೈಕ್ಲಿಂಗ್ ಚಡ್ಡಿ ಹಾಕಿ, ಇಲ್ಲವೇ ವ್ಯಾಸಲೀನ್ ಹಚ್ಚಿ. ಹೆಂಗಸರು ಒಳ್ಳೆಯ ಸ್ಪೋರ್ಟ್ಸ್ ಬ್ರಾಗೆ ದುಡ್ಡು ಹಾಕಿ, ಟಿ-ಶರ್ಟ್‌ನಲ್ಲಿ ಬೇಕಾದರೆ ಉಳಿಸಿ. ಚೂಡಿದಾರ್ ಹಾಕಿಕೊಂಡು ಮಾಡುತ್ತೀರಾ, ಮಾಡಿ. ದುಪಟ್ಟಾ ಮಾತ್ರ ಬ್ಯಾಗಿನಲ್ಲಿರಲಿ, ಮಷೀನಿನ ಕೇಬಲ್‌ಗೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲೂ ಮೈ ಮುಚ್ಚಲು ಜಾಕೆಟ್ ಹಾಕಿಕೊಂಡು ಮಾಡುವವರಿದ್ದಾರೆ. ಮೊದಲ ವಾರ ಬೇಕಾದರೆ ಹಾಕಿ, ಆಮೇಲೆ ತೆಗೆಯಿರಿ. ಮುಚ್ಚಿಕೊಂಡಷ್ಟು ದಿನ, ಮುಚ್ಚಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ.

ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರ ಮೇಲೆ ಗದ್ದಲ. ಹತ್ತೂವರೆ ಹನ್ನೊಂದಕ್ಕೆ ಜಿಮ್ ಖಾಲಿ. ಆಗ ಹೋಗಲು ಆಗುವವರು ಆಗಲೇ ಹೋಗಿ ಮಷೀನ್‌ಗಳನ್ನು ಕಲಿತುಕೊಳ್ಳಿ.

ಟ್ರೈನರ್‌ಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಹೆಚ್ಚಿನವರು ಒಳ್ಳೆಯ ಹುಡುಗರು. ಆದರೆ ತೂಕ ನೋಡಿ, "ಅಕ್ಕಾರ, ತೊಂಬತ್ನಾಕ್ ಅದೀರಿ!" ಅಂತ ರಿಸೆಪ್ಷನ್‌ವರೆಗೂ ಕೇಳುವ ಹಾಗೆ ಹೇಳುತ್ತಾರೆ. ಹುರುಪು ತುಂಬಲು ಅಂತೆ. ಮೊದಲ ದಿನವೇ ಹೇಳಿಬಿಡಿ: "ತಮ್ಮಾ, ನನ್ನ ತೂಕ ನನಗಷ್ಟ ಹೇಳು. ಮೊಣಕಾಲು ಗಟ್ಟಿ ಮಾಡ್ಕೊಳ್ಳಾಕ ಬಂದೀನಿ, ಅದನ್ನ ನೋಡು." ಸಿಟ್ಟಾಗುವುದಿಲ್ಲ, ನಿಮ್ಮ ಗುರಿ ಅವನಿಗೂ ತಿಳಿಯುತ್ತದೆ.

ಮೊದಲು ಸಣ್ಣ ಆಗ್ತೀನಿ ಅನ್ನುವ ಮಾತಿಗೂ ಉತ್ತರ ಬಾಕಿ ಇದೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಬಂತು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್‌ನ ಡಾ. ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3, ಕೂದಲೆಳೆಯಷ್ಟೂ ಫರಕಿಲ್ಲ. ದೇಹದ ಕೊಬ್ಬು ಮಾತ್ರ ಯುಡ್ಕಿನ್ನರದು 9.1 ಶೇಕಡಾ, ಯಾಜ್ಞಿಕರದು 21.2 ಶೇಕಡಾ. ನಮ್ಮಲ್ಲಿ ತೆಳ್ಳಗೆ ಕಾಣುವವರಲ್ಲೂ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಇರುವುದುಂಟು. ಭಾರ ಎತ್ತದೆ, ಬರೀ ಊಟ ಬಿಟ್ಟು ಸಣ್ಣ ಆದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮೊಣಕಾಲಿಗೆ ಆಸರೆ ಕೊಡಬೇಕಾದದ್ದೇ ಅದು.

ಕೆಲವರಲ್ಲಿ ಇದು ಮುಜುಗರದ ಮಟ್ಟ ದಾಟಿರುತ್ತದೆ. ದಿನಕ್ಕೆ ಗಂಟೆಗಟ್ಟಲೆ ಮೈಯ ಒಂದೇ ಭಾಗದ ಚಿಂತೆ, ಮದುವೆ ಮುಂಜಿಗೂ ಹೋಗದಿರುವುದು, ತಿಂದದ್ದನ್ನು ಬೇಕಂತಲೇ ಕಕ್ಕುವುದು. ಗಟ್ಟಿಮುಟ್ಟಾಗಿದ್ದರೂ ಇನ್ನೂ ಕಡ್ಡಿಯಾಗೇ ಇದ್ದೇನೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಕೈ ಹಾಕುವ ಹುಡುಗರೂ ಇದೇ ಸಾಲಿಗೆ ಸೇರುತ್ತಾರೆ. ಇಂಥವರಿಗೆ ನನ್ನ ಚೀಟಿ ಸಾಲದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಹೋಗಲು ಹಿಂಜರಿಕೆಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಜಿಮ್ ನಡೆಸುವವರು ಯಾರಾದರೂ ಓದುತ್ತಿದ್ದರೆ, ನಿಮಗೆ ಮೂರು ಮಾತು. ತೂಕದ ಮಷೀನನ್ನು ರಿಸೆಪ್ಷನ್‌ನಿಂದ ಎತ್ತಿ ಒಳಕೋಣೆಗೆ ಇಡಿ. ಒಂದಾದರೂ ಸೈಕಲ್ಲನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ. ರೀಲ್ಸ್ ಮಾಡುವ ಹುಡುಗರ ಫೋನ್ ಬ್ಯಾಗಿಗೆ ಹಾಕಿಸಿ. ತಮ್ಮ ಹಿಂದೆ ಯಾರೋ ಫೋನ್ ಹಿಡಿದು ನಿಂತಿದ್ದರು ಅಂತ ಜಿಮ್ ಬಿಟ್ಟ ಹೆಂಗಸರು ನನ್ನ ಹತ್ತಿರವೇ ಬರುತ್ತಾರೆ, ಅವರ ಅಂಜಿಕೆ ಬರೀ ಭ್ರಮೆ ಅಂತ ನಾನು ಹೇಳಲಾರೆ.