ಧೈರ್ಯ ಬರಲಿ ಅಂತ ಕಾಯುವವರಿಗೆ

ಆಕೆಯ ಫೋನಿನಲ್ಲಿ ಆ ನಂಬರ್ 14 ತಿಂಗಳಿಂದ ಇತ್ತು. ಹಾಡು ಹೇಳಿಕೊಡುವ ಟೀಚರ್ ಒಬ್ಬರದು. ಚಿಕ್ಕಂದಿನಲ್ಲಿ ಕೈಬಿಟ್ಟ ಹಾಡನ್ನು ಐವತ್ತು ದಾಟಿದ ಮೇಲೆ ಮತ್ತೆ ಹಿಡಿಯಬೇಕೆಂಬ ಆಸೆ. ನಂಬರ್ ತೆಗೆಯುವುದು, ನೋಡುವುದು, ಫೋನ್ ಪಕ್ಕಕ್ಕಿಡುವುದು. ಅಷ್ಟೇ ನಡೆದಿತ್ತು. "ಸ್ವಲ್ಪ ಧೈರ್ಯ ಬರಲಿ ಮೇಡಂ, ಆಮೇಲೆ ಮಾಡ್ತೀನಿ" ಅಂದರು. (ಯಾರೆಂದು ಗೊತ್ತಾಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.)

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನಾನು ದಿನಾ ಕೇಳುವ ಮಾತು ಇದು. ಹೊಸ ಕೆಲಸ, ನಿಂತುಹೋದ ಓದು, ಸ್ವಂತದ್ದೊಂದು ಉದ್ಯೋಗ, ಗಾಡಿ ಕಲಿಯುವುದು. ವಿಷಯ ಯಾವುದೇ ಇರಲಿ, ಎಲ್ಲರ ಲೆಕ್ಕ ಒಂದೇ. ಮೊದಲು ಭಯ ಹೋಗಬೇಕು, ಆಮೇಲೆ ಧೈರ್ಯ ಬರಬೇಕು, ಆಮೇಲೆ ಶುರು ಮಾಡಬೇಕು. ನಾನು ಕಂಡ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ. ಕೆಲಸ ಶುರುವಾಗಿ, ನಾಲ್ಕಾರು ಸಲ ಮಾಡಿದ ಮೇಲೆಯೇ ಭಯ ಇಳಿಯುವುದು. ಧೈರ್ಯವೂ ಆಗಲೇ ಬರುವುದು.

ಕಾಯುತ್ತಾ ಕೂತರೆ ಭಯ ತಾನಾಗಿ ಕಡಿಮೆಯಾಗಬೇಕಿತ್ತು, ಅಲ್ವಾ? ಯಾಕೆ ಆಗುವುದಿಲ್ಲ? ಆಕೆ ಫೋನ್ ಪಕ್ಕಕ್ಕಿಟ್ಟ ಆ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಂಬರ್ ನೋಡುತ್ತಿದ್ದಂತೆ ಎದೆ ಢವಢವ, ಬಾಯಿ ಒಣಗುತ್ತದೆ. 'ಇವತ್ತು ಬೇಡ, ನಾಳೆ ಮಾಡೋಣ' ಅನ್ನಿಸುತ್ತದೆ. ಫೋನ್ ಕೆಳಗಿಟ್ಟ ಕೂಡಲೇ ಜೀವ ಹಗುರ. ಆ ಹಗುರವೇ ಇಲ್ಲಿ ತೊಂದರೆ ಕೊಡುವುದು. ಹಿಂದೆ ಸರಿದಿದ್ದಕ್ಕೆ ಮನಸ್ಸಿಗೆ ಬಹುಮಾನ ಸಿಕ್ಕಿತು. ಬಹುಮಾನ ಸಿಕ್ಕಿದ ಕೆಲಸವನ್ನು ಮನಸ್ಸು ಮತ್ತೆ ಮತ್ತೆ ಮಾಡಿಸುತ್ತದೆ. ಜೊತೆಗೆ 'ಫೋನ್ ಮಾಡದೇ ಇದ್ದಿದ್ದಕ್ಕೆ ಬಚಾವಾದೆ' ಅಂತಲೂ ಕಲಿಯುತ್ತದೆ. ಫೋನ್ ಮಾಡಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ತಿಳಿಯಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ಹೀಗೆ 14 ತಿಂಗಳು ನಡೆದರೆ ಸಣ್ಣದೊಂದು ಫೋನ್ ಕರೆ ಬೆಟ್ಟದಷ್ಟಾಗುತ್ತದೆ. ಆಕೆ ಸೋಮಾರಿಯೂ ಅಲ್ಲ, ಪುಕ್ಕಲಿಯೂ ಅಲ್ಲ. ದಿನಾ ತಪ್ಪದೆ ಹಿಂದೆ ಸರಿಯುವುದನ್ನೇ ಅಭ್ಯಾಸ ಮಾಡಿದ್ದರು, ಅಷ್ಟೇ.

ಇಂಥವರಿಗೆ ನಾನು ಸಾಮಾನ್ಯವಾಗಿ ಪೀಟರ್ ಎಂಬ ಮಗುವಿನ ಕತೆ ಹೇಳುತ್ತೇನೆ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಈ ಮಗುವಿನ ಬಗ್ಗೆ ಬರೆದರು. ಅವನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮೊಲ ಕಂಡರೆ ಹೆದರಿ ಅಳುತ್ತಿದ್ದ. ತುಪ್ಪಳದ ಕೋಟು, ಹತ್ತಿ, ಹಕ್ಕಿಯ ಪುಕ್ಕ ಕಂಡರೂ ಭಯ. ಮೊದಮೊದಲು ಮೊಲ ಪಂಜರದಲ್ಲಿದ್ದು, ಕೋಣೆಯ ಯಾವ ಮೂಲೆಯಲ್ಲಿದ್ದರೂ ಅವನಿಗೆ ಆಗುತ್ತಿರಲಿಲ್ಲ. ಆಮೇಲೆ 12 ಅಡಿ ದೂರದಲ್ಲಿದ್ದರೆ ಸಹಿಸಿಕೊಂಡ. ಆಮೇಲೆ ನಾಲ್ಕು ಅಡಿ, ಮೂರು ಅಡಿ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಅವನ ಜೊತೆ ಆಡಲು ಬಿಡುತ್ತಿದ್ದರು. ಅವರನ್ನು ನೋಡುತ್ತಾ ಅವನೂ ಹತ್ತಿರ ಬರುತ್ತಿದ್ದ.

ಅಷ್ಟರಲ್ಲಿ ಅವನಿಗೆ ಸ್ಕಾರ್ಲೆಟ್ ಜ್ವರ ಬಂತು. ಎರಡು ತಿಂಗಳು ಬರಲಿಲ್ಲ. ಆಸ್ಪತ್ರೆಯಿಂದ ನರ್ಸ್ ಜೊತೆ ಹೊರಡುವಾಗ ದೊಡ್ಡ ನಾಯಿಯೊಂದು ಅವರ ಮೇಲೆ ಹಾರಿತು. ಪೀಟರ್‌ನ ಭಯ ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಂತಿತು. ಜೋನ್ಸ್ ಕೈಚೆಲ್ಲಲಿಲ್ಲ. ಅವನು ಕುರ್ಚಿಯಲ್ಲಿ ಕೂತು ಇಷ್ಟದ ತಿಂಡಿ ತಿನ್ನುವಾಗ, ತಿನ್ನುವುದಕ್ಕೆ ತೊಂದರೆಯಾಗದಷ್ಟು ದೂರದಲ್ಲಿ ಪಂಜರ ಇಟ್ಟರು. ದಿನ ಕಳೆದಂತೆ ಹತ್ತಿರ ತಂದರು. ಕೊನೆಗೆ ಮೊಲ ಪೀಟರ್‌ನ ಬೆರಳು ಮೆಲ್ಲಗೆ ಕಚ್ಚಿ ಆಡಿದರೂ ಅವನು ಸುಮ್ಮನಿದ್ದ. ಹತ್ತಿ, ಪುಕ್ಕದ ಭಯವೂ ಹೋಗಿತ್ತು.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ನಾಯಿಯ ಭಾಗ. ಅರ್ಧ ದಾರಿಯಲ್ಲಿ ಭಯ ಮರಳಿ ಬಂದರೆ ಜನ ಬಲುಬೇಗ ಸೋಲು ಒಪ್ಪಿಕೊಳ್ಳುತ್ತಾರೆ. "ನೋಡಿ, ನನ್ನ ಕೈಲಿ ಆಗಲ್ಲ ಅಂತ ಮೊದಲೇ ಹೇಳಿದ್ದೆ" ಅನ್ನುತ್ತಾರೆ. ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲೇ ಹೊಸ ಕಲಿಕೆಯೊಂದು ಬೆಳೆಯುತ್ತದೆ ಅನ್ನುವುದು ಇವತ್ತಿನ ಬಹುಪಾಲು ಸಂಶೋಧಕರ ತಿಳಿವಳಿಕೆ. ಕೆಟ್ಟ ದಿನ ಹಳೆಯದು ತಲೆ ಎತ್ತುತ್ತದೆ. ಕಲಿತದ್ದು ಅಲ್ಲೇ ಇರುತ್ತದೆ.

ಇನ್ನೊಂದು ಮಾತು. 'ಧುಮುಕಿಬಿಡು, ಎಲ್ಲಾ ಸರಿಹೋಗತ್ತೆ' ಅಂತ ಬೆನ್ನು ತಟ್ಟುವವರು ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಅಂಜಿದವನ ಮೇಲೆ ಕಪ್ಪೆ ಎಸೆದರೆ ಭಯ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮೊದಲ ದಿನವೇ ಮೊಲವನ್ನು ಪೀಟರ್‌ನ ಮಡಿಲಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು, ಯೋಚಿಸಿ. ನಿಮ್ಮ 12 ಅಡಿ ಯಾವುದು ಅಂತ ಹುಡುಕಬೇಕು. ಅದು ಸ್ವಲ್ಪ ಹೆದರಿಕೆ ಹುಟ್ಟಿಸಲೇಬೇಕು. ಹೆದರಿಕೆಯೇ ಇಲ್ಲದಿದ್ದರೆ ಕಲಿಯಲು ಏನೂ ಇಲ್ಲ. ಕೈಕಾಲು ಆಡದಷ್ಟು ಹೆದರಿಕೆಯಾದರೆ ಅದು ಇವತ್ತಿನ ಹೆಜ್ಜೆಯಲ್ಲ.

ತಯಾರಿಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಓದಿಕೊಂಡವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ಕೋರ್ಸ್, ಇನ್ನೊಂದು ವಿಡಿಯೊ, ಇನ್ನೊಬ್ಬರ ಸಲಹೆ. ನೋಡಲು ಶ್ರದ್ಧೆಯ ಹಾಗೆ ಕಾಣುತ್ತದೆ, ಮನೆಯವರಿಗೂ ಹಾಗೇ ಕಾಣುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಈ ತಯಾರಿ ಯಾವ ದಿನ ಮುಗಿಯುತ್ತದೆ? ತಾರೀಕು ಹೇಳಿದರೆ ಅದು ತಯಾರಿ. ಹೇಳಲಾಗದಿದ್ದರೆ ಅದು ಫೋನ್ ಪಕ್ಕಕ್ಕಿಡುವ ಇನ್ನೊಂದು ರೀತಿ. 'ನಾಳೆಯಿಂದ ನೋಡೋಣ' ಅನ್ನುವುದಕ್ಕಿಂತ 'ಬುಧವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಫಾರಂ ತೆರೆಯುತ್ತೇನೆ' ಅನ್ನುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಇಂಥ ಯೋಜನೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಯಾವಾಗ, ಎಲ್ಲಿ, ಹೇಗೆ ಅನ್ನುವುದು ಮೊದಲೇ ನಿಗದಿಯಾಗಿದ್ದರೆ ಆ ಹೊತ್ತಿಗೆ ಮನಸ್ಸಿನ ಜೊತೆ ಚೌಕಾಸಿ ಮಾಡುವ ಪ್ರಶ್ನೆ ಬರುವುದಿಲ್ಲ.

ಎದೆ ಹೊಡೆದುಕೊಳ್ಳುವಾಗ 'ಸಮಾಧಾನ, ಸಮಾಧಾನ' ಅಂತ ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಅದಕ್ಕಿಂತ 'ನನಗೆ ಉತ್ಸಾಹ ಬಂದಿದೆ' ಅಂತ ಹೇಳಿಕೊಂಡವರು ಹಾಡುವುದು, ಭಾಷಣ, ಗಣಿತ ಮೂರರಲ್ಲೂ ಚೆನ್ನಾಗಿ ಮಾಡಿದರು ಅಂತ ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದರು. ಭಯದಲ್ಲೂ ಉತ್ಸಾಹದಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ಥರ. ಅದನ್ನು ಬಲವಂತವಾಗಿ ತಗ್ಗಿಸುವುದಕ್ಕಿಂತ ಬೇರೆ ಹೆಸರಿನಿಂದ ಕರೆಯುವುದು ಸುಲಭ.

ಎಲ್ಲಾ ಭಯವನ್ನೂ ದಾಟಲೇಬೇಕು ಅಂತೇನಿಲ್ಲ. ಇರುವ ಉಳಿತಾಯವನ್ನೆಲ್ಲಾ ಒಂದೇ ಸಲ ಹಾಕಬೇಕು ಅನ್ನುವಾಗ ಆಗುವ ಅಳುಕಿನಲ್ಲಿ ಬುದ್ಧಿವಂತಿಕೆ ಇದೆ. ಅದರ ಮಾತು ಕೇಳಿ. ನಿದ್ದೆ ಕೆಟ್ಟು, ಮನೆಯಿಂದ ಹೊರಗೆ ಕಾಲಿಡಲಾಗದ ಸ್ಥಿತಿ ವಾರಗಟ್ಟಲೆ ಇದ್ದರೆ ಒಬ್ಬರೇ ಒದ್ದಾಡಬೇಡಿ. ಮನೋವೈದ್ಯರನ್ನೋ ಸೈಕಾಲಜಿಸ್ಟನ್ನೋ ಕಾಣಿ.

ಆ ದಿನ ನಾವು ಒಂದು ಒಪ್ಪಂದಕ್ಕೆ ಬಂದೆವು. ಕ್ಲಾಸಿಗೆ ಸೇರುವ ಮಾತೇ ಬೇಡ. ಫೋನ್ ಮಾಡಿ ಕ್ಲಾಸ್ ಎಷ್ಟು ಗಂಟೆಗೆ ಅಂತ ಕೇಳಿ ಇಟ್ಟುಬಿಡುವುದು. "ಹತ್ತರಲ್ಲಿ ಭಯ ಎಷ್ಟು?" ಅಂದೆ. "ಒಂಬತ್ತು." ಅಂಗೈ ಬೆವರಿತ್ತು. ಸ್ಕ್ರೀನ್ ಒರೆಸಿದರು, ಮತ್ತೆ ಒರೆಸಿದರು, ಒತ್ತಿದರು. ಮೂರು ರಿಂಗ್ ಆಯಿತು. ಮಾತು 40 ಸೆಕೆಂಡಿನಲ್ಲಿ ಮುಗಿಯಿತು. ಟೀಚರ್ "ಯಾರಿಗೆ, ಮಕ್ಕಳಿಗಾ?" ಅಂತ ಕೇಳಿದರಂತೆ. ಆಕೆ ಒಂದು ಕ್ಷಣ ತಡೆದು, "ಅಲ್ಲ, ನನಗೆ" ಅಂದರು. ಅಷ್ಟು ಹೇಳುವುದು ನಮ್ಮ ಒಪ್ಪಂದದಲ್ಲಿ ಇರಲಿಲ್ಲ.

"ಈಗ ಎಷ್ಟು?" ಅಂದೆ. "ಐದು."

ಈಗ ನಾಲ್ಕು ತಿಂಗಳಾಗಿದೆ. ಪ್ರತಿ ಕ್ಲಾಸಿನ ಬಾಗಿಲಲ್ಲಿ ಇವತ್ತಿಗೂ ನಾಲ್ಕು ಇರುತ್ತದಂತೆ. ಮೊದಲ ಹಾಡು ಮುಗಿಯುವ ಹೊತ್ತಿಗೆ ಎರಡಕ್ಕೆ ಬರುತ್ತದೆ. ಮುಂದಿನ ತಿಂಗಳು ಹತ್ತು ಜನರ ಎದುರು ಹಾಡಬೇಕಂತೆ. ಅದಕ್ಕೆ ಭಯ ಎಷ್ಟು ಅಂತ ಕೇಳಿದೆ. "ಎಂಟು. ಯಾವ ಹಾಡು ಅಂತ ಆಗಲೇ ಆರಿಸಿಟ್ಟಿದೀನಿ" ಅಂದರು.