ಮಾತು ನಿಂತ ಅಪ್ಪನಿಗೆ ನಮ್ಮ ಮಾತು ತಿಳಿಯುತ್ತದೆಯೇ?

ಪ್ರಶ್ನೆ: ಲಕ್ವ ಹೊಡೆದು ಅಪ್ಪನ ಬಲಗೈ ಸ್ವಾಧೀನ ತಪ್ಪಿದೆ, ಮಾತೂ ಹೊರಡುತ್ತಿಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆ ಅಂದರು ಡಾಕ್ಟರು. ಮಾತೆಲ್ಲ ಇರುವುದು ಎಡಗಡೆಯೇ ಆದರೆ, ನಾವು ಆಡಿದ್ದೂ ಅವರಿಗೆ ತಿಳಿಯುವುದಿಲ್ಲವೇ?

ಉತ್ತರ: ಎಷ್ಟೋ ತಿಳಿಯುತ್ತಿರಬಹುದು. ದಯವಿಟ್ಟು ಮಾತಾಡಿಸುವುದನ್ನು ನಿಲ್ಲಿಸಬೇಡಿ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಕಂಡ ಲೆಬೋರ್ನ್ ಎಂಬ ರೋಗಿಯ ಬಾಯಲ್ಲಿ ಹೆಚ್ಚುಕಡಿಮೆ ‘ಟಾನ್’ ಎಂಬ ಸದ್ದೊಂದೇ ಹೊರಡುತ್ತಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ. ಆದರೆ ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ತೀರಿಕೊಂಡ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗ ಹಾಳಾಗಿತ್ತು. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ್ದು ಬೇರೆಯದೇ ಥರದವರನ್ನು: ಸರಾಗವಾದ, ಆದರೆ ತಲೆಬುಡವಿಲ್ಲದ ಮಾತು, ಬೇರೆಯವರು ಆಡಿದ್ದೂ ಅರ್ಥವಾಗದು. ಅವರಿಗೆ ಪೆಟ್ಟಾಗಿದ್ದೂ ಎಡಕ್ಕೇ, ಆದರೆ ಕಿವಿಯ ಮೇಲ್ಗಡೆ, ತುಸು ಹಿಂದೆ. ಅಂದರೆ ಎಡಭಾಗದಲ್ಲೂ ಯಾವ ಜಾಗಕ್ಕೆ ಪೆಟ್ಟಾಗಿದೆ ಎಂಬುದು ಮುಖ್ಯ.

ಇನ್ನು ಬಲಭಾಗ. ಒಂದೊಂದು ಕಿವಿಗೆ ಬಿದ್ದ ಸದ್ದೂ ಮಿದುಳಿನ ಎರಡೂ ಕಡೆಗೆ ತಲುಪುತ್ತದೆ, ಎದುರು ಬದಿಗೆ ಹೆಚ್ಚು ಬಲವಾಗಿ. ಕಿವಿ ಚೆನ್ನಾಗಿದ್ದೂ ಪದಗಳನ್ನಷ್ಟೇ ಗುರುತಿಸಲಾಗದ ಒಂದು ಅಪರೂಪದ ತೊಂದರೆಯಿದೆ. ಅದು ಹೆಚ್ಚಾಗಿ ಬರುವುದು ಎಡ-ಬಲ ಎರಡೂ ಕಡೆ ಪೆಟ್ಟಾದಾಗ. ಹಾಗಾಗಿ ಕೇಳಿದ ಪದವನ್ನು ಗುರುತಿಸುವ ಕೆಲಸದಲ್ಲಿ ಎರಡೂ ಪಾಲುದಾರರು ಎನ್ನುತ್ತಾರೆ ತಜ್ಞರು. ಉದ್ದ ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ಬಿಡಿಸಿಕೊಳ್ಳುವುದಕ್ಕೆ ಮಾತ್ರ ಹೆಚ್ಚಿನವರಿಗೆ ಎಡಭಾಗವೇ ಬೇಕು.

ದನಿಯ ಏರಿಳಿತ ಹಿಡಿಯುವುದರಲ್ಲಿ ಬಲಭಾಗದ್ದೇ ಮೇಲುಗೈ. ‘ಈಗ ಬಂದ್ಯಾ?’ ಅಂದಾಗ ಅದು ಅಕ್ಕರೆಯೋ ಆಕ್ಷೇಪವೋ ಎಂದು ಹೇಳುವುದು ಪದಗಳಲ್ಲ, ದನಿ. ಬಲಕ್ಕೆ ಪೆಟ್ಟಾದ ಕೆಲವರಿಗೆ ಪದವೆಲ್ಲ ತಿಳಿದರೂ ಕೊಂಕು ತಿಳಿಯುವುದಿಲ್ಲ. ನಿಮ್ಮಪ್ಪನಿಗೆ ಆ ಭಾಗ ಚೆನ್ನಾಗಿದ್ದರೆ, ನಿಮ್ಮ ದನಿಯಲ್ಲಿನ ಬೇಸರವೂ ಅವರಿಗೆ ಗೊತ್ತಾಗುತ್ತಿರುತ್ತದೆ.

ಟಿವಿ ಆರಿಸಿ, ಎದುರು ಕೂತು, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಕೂಗಬೇಕಿಲ್ಲ, ಕಿವಿ ಕೆಟ್ಟಿಲ್ಲ. ‘ಕಾಫಿ ಬೇಕಾ?’ ಅಂತ ಕೇಳಿ ಲೋಟ ತೋರಿಸಿ. ಹೌದು-ಬೇಡಗಳು ಅದಲುಬದಲಾಗುವುದುಂಟು, ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಅವರೆದುರೇ ಅವರ ಖರ್ಚುವೆಚ್ಚದ ಚರ್ಚೆ ಬೇಡವೇ ಬೇಡ. ಮಾತು ಹೊರಡದ ಕೆಲವರು ಗೊತ್ತಿರುವ ಹಾಡನ್ನು ಪದಸಹಿತ ಹಾಡುತ್ತಾರೆ. ನಿಮ್ಮಪ್ಪ ಹಾಗೆ ಹಾಡಿದರೆ ವಾಕ್ ಚಿಕಿತ್ಸಕರಿಗೆ ಮರೆಯದೆ ತಿಳಿಸಿ, ರಾಗ ಹಿಡಿದು ಮಾತು ಕಲಿಸುವ ವಿಧಾನವೊಂದಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲೋ ಆದಷ್ಟು ಬೇಗ ತೋರಿಸಿ.