ಹಿಡಿದು ಕೂರದ ಆಂಟಿಬಾಡಿ

ತುಮಕೂರಿನಲ್ಲಿ ಮೆಡಿಕಲ್ ಸ್ಟೋರಿಗೆ ಹೋದರೆ ಕೌಂಟರ್ ಮೇಲೆ ಒಂದಲ್ಲ ಒಂದು ‘ಇಮ್ಯುನಿಟಿ’ ಪುಡಿಯ ಡಬ್ಬಿ ಕಾಣುತ್ತದೆ. ಆಂಟಿಬಾಡಿ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಕೋವಿಡ್ ಬಂದಮೇಲೆ ಗಟ್ಟಿಯಾಗಿ ಕೂತುಬಿಟ್ಟಿದೆ. ಎಷ್ಟಿದೆ ಅನ್ನೋದಕ್ಕಿಂತ ಅದು ಮಾಡೋದೇನು ಅಂತ ನೋಡಬೇಕು, ಅಲ್ವಾ?

ಸಾಮಾನ್ಯ ಆಂಟಿಬಾಡಿ ತನಗೆ ಹೊಂದುವ ಅಣುವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಕೆಲವು ಮಾತ್ರ ಹಿಡಿದದ್ದನ್ನು ತುಂಡು ಮಾಡಿ ಬಿಟ್ಟು, ಇನ್ನೊಂದಕ್ಕೆ ಕೈ ಹಾಕುತ್ತವೆ. ತಿಪಟೂರಿನ ತೋಟದಲ್ಲಿ ನೆಲಕ್ಕೆ ನೆಟ್ಟ ಒಂದೇ ಕಬ್ಬಿಣದ ಮೊನೆಯಲ್ಲಿ ದಿನವಿಡೀ ಕಾಯಿ ಸುಲಿಯುತ್ತಾರಲ್ಲ, ಹಾಗೆ.

ಇಂಥದ್ದನ್ನು ಬೇಕೆಂದೇ ಮಾಡಿಸುವ ಉಪಾಯ ನನಗೆ ಬಲು ಇಷ್ಟ. ಅಣು ಅರ್ಧ ಮುರಿದಿರುವಾಗಿನ ಆಕಾರಕ್ಕೆ ಕಿಣ್ವಗಳು (ರಾಸಾಯನಿಕ ಕ್ರಿಯೆಗಳನ್ನು ಬೇಗ ಮಾಡಿಸುವ ಪ್ರೋಟೀನುಗಳು) ಸರಿಯಾಗಿ ಹೊಂದುತ್ತವೆ ಅಂತ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1940ರ ದಶಕದಲ್ಲೇ ಹೇಳಿದ್ದರು. ಆ ಆಕಾರಕ್ಕೇ ಆಂಟಿಬಾಡಿ ಬೆಳೆಸಿದರೆ ಹೇಗೆ ಅನ್ನುವ ಯೋಚನೆ 1969ರಲ್ಲಿ ಜೀವರಸಾಯನ ವಿಜ್ಞಾನಿ ವಿಲಿಯಂ ಜೆಂಕ್ಸ್ ಅವರದು. ತೊಡಕೇನೆಂದರೆ, ಆ ಆಕಾರ ಹಿಡಿದಿಡುವಷ್ಟು ಹೊತ್ತು ಉಳಿಯುವುದೇ ಇಲ್ಲ. ಎಸ್ಟರ್ ಎಂಬ ಜಾತಿಯ ಅಣುವನ್ನು ನೀರು ಮುರಿಯುವಾಗ, ಮೂರು ಪರಮಾಣುಗಳ ನಡುವೆ ಚಪ್ಪಟೆಯಾಗಿ ಕೂತಿದ್ದ ಕಾರ್ಬನ್ನಿಗೆ ನಾಲ್ಕನೆಯ ನೆಂಟ ಬಂದು ಸೇರುತ್ತಾನೆ. ಪಕ್ಕದ ಆಕ್ಸಿಜನ್ ಮೇಲೆ ನೆಗೆಟಿವ್ ಚಾರ್ಜ್ ಏರುತ್ತದೆ. ಮರುಗಳಿಗೆ ಎಲ್ಲಾ ಚೂರು. ಈಗ ಆ ಕಾರ್ಬನ್ ಜಾಗದಲ್ಲಿ ಫಾಸ್ಫರಸ್ ಇಡಿ. ಹೆಚ್ಚುಕಮ್ಮಿ ಅದೇ ಆಕಾರ, ಅದೇ ಚಾರ್ಜ್, ಆದರೆ ಸುಲಭಕ್ಕೆ ಮುರಿಯುವುದಿಲ್ಲ. ಈ ನಕಲಿಯನ್ನು ಒಂದು ಪ್ರೋಟೀನಿಗೆ ಅಂಟಿಸಿ ಇಲಿಗೆ ಚುಚ್ಚಿದರೆ, ಇಲಿ ಅದಕ್ಕೆ ತಕ್ಕ ಆಂಟಿಬಾಡಿ ತಯಾರಿಸುತ್ತದೆ. ಮುಂದೆ ಅಸಲಿ ಎಸ್ಟರ್ ಸಿಕ್ಕಾಗ ಆ ಆಂಟಿಬಾಡಿ ಅದನ್ನೂ ಅದೇ ಆಕಾರಕ್ಕೆ ಎಳೆಯುತ್ತದೆ, ಮುರಿಯುವುದು ಸಲೀಸಾಗುತ್ತದೆ. 1986ರಲ್ಲಿ ಅಮೆರಿಕದ ರಿಚರ್ಡ್ ಲರ್ನರ್ ಮತ್ತು ಪೀಟರ್ ಶುಲ್ಟ್ಜ್ ತಂಡಗಳು ಬೇರೆಬೇರೆಯಾಗಿ ಇಂಥ ಆಂಟಿಬಾಡಿಗಳನ್ನು ತೋರಿಸಿಯೇಬಿಟ್ಟವು.

ಮನುಷ್ಯರ ಮೈಯಲ್ಲೂ ಇವು ತಾವಾಗಿ ಹುಟ್ಟುತ್ತವೆ. ಮೈಯ ರಕ್ಷಣಾ ವ್ಯವಸ್ಥೆ ಮೈಯನ್ನೇ ಕಾಡುವ ಲೂಪಸ್ ಎಂಬ ರೋಗ ಇರುವವರ ರಕ್ತದಲ್ಲಿ ಡಿಎನ್‌ಎ ಕತ್ತರಿಸುವ ಆಂಟಿಬಾಡಿಗಳಿವೆ ಎಂದು 1992ರಲ್ಲಿ ವರದಿಯಾಯಿತು. ಸುಮ್ನೆ ಪುಡಿ ತಿಂದು ಹೆಚ್ಚಿಸಿಕೊಳ್ಳುವಂಥದ್ದಲ್ಲ ಇದು.

ಔಷಧಿಯ ಆಸೆಯೂ ದೊಡ್ಡದಿತ್ತು. ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಗೆ ಮುಚ್ಚಳ ಹಾಕಿ ಕೊಟ್ಟು, ಗಡ್ಡೆಯ ಬಳಿ ಮಾತ್ರ 38ಸಿ2 ಎಂಬ ಆಂಟಿಬಾಡಿಯಿಂದ ಆ ಮುಚ್ಚಳ ತೆಗೆಸಬೇಕೆಂದು ಪ್ರಯೋಗಗಳಾದವು. ಕೊಕೇನ್ ಕತ್ತರಿಸುವ ಆಂಟಿಬಾಡಿಯನ್ನು ಡೊನಾಲ್ಡ್ ಲ್ಯಾಂಡ್ರಿ ತಂಡ 1993ರಲ್ಲಿ ಮಾಡಿತು. ಮುಂದೆ ಅಂಥದ್ದೊಂದು, ಜೀವ ತೆಗೆಯುವಷ್ಟು ಕೊಕೇನ್ ಕೊಟ್ಟ ಇಲಿಗಳನ್ನೂ ಉಳಿಸಿತು. ಆದರೆ ವೇಗ ಸಾಲದು. ಕೊಕೇನ್ ಸಿಗುವ ಕೋಕಾ ಗಿಡದ ಬುಡದ ಮಣ್ಣಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೊಕೇನನ್ನೇ ಉಂಡು ಬದುಕುತ್ತದೆ; ಅದರ ಕಿಣ್ವ ಇದೇ ಕೆಲಸವನ್ನು ಎಷ್ಟೋ ಪಟ್ಟು ಬೇಗ ಮುಗಿಸುತ್ತದೆ.